ಪಾಳಿ ಹಿಡಿಯುವವಳು

ಭಾಗ್ಯ ಎಡಗೈಯ ಚೀಲವನ್ನು ಬಲಗೈಗೆ ಬದಲಾಯಿಸಿಕೊಂಡು, ಜಾರುತ್ತಿದ್ದ ಹೆಗಲ ಬ್ಯಾಗನ್ನು ಮೇಲಕ್ಕೆಳೆದುಕೊಂಡು, ಸಾಲಿನಲ್ಲಿ ಮುಂದೆ ಸರಿದಳು. ಚೀಲದಲ್ಲಿ ಚಿತ್ರಾನ್ನದ ಡಬ್ಬಿ, ಮಕ್ಕಳ ಒದ್ದೆ ಬಟ್ಟೆ, ಅತ್ತೆಯ ಮಾತ್ರೆ. ಬ್ಯಾಗಿನಲ್ಲಿ ಮನೆಯವರೆಲ್ಲರ ಫೋನು. ನೀರಾಟಕ್ಕೆ ಇಳಿಯುವ ಮೊದಲು ಒಬ್ಬೊಬ್ಬರೇ ಬಂದು ಅದರೊಳಗೆ ಹಾಕಿ ಹೋಗಿದ್ದರು.

ಎದುರಿಗೆ ದೋಣಿ ತೂಗುತ್ತಿತ್ತು. ಎಲ್ಲರೂ ಕೊಲಂಬಸ್ ಎಂದು ಕರೆಯುವ ದೊಡ್ಡ ಉಯ್ಯಾಲೆ ದೋಣಿ. ಒಂದು ತುದಿ ಆಕಾಶಕ್ಕೆ ಎದ್ದು ನಿಂತಂತಾಗಿ, ಅಲ್ಲಿಂದ ಧಡಕ್ಕನೆ ಕೆಳಗೆ ಬರುವಾಗ ಒಳಗಿದ್ದವರೆಲ್ಲ ಒಟ್ಟಿಗೆ ಕಿರುಚುತ್ತಿದ್ದರು. ಆ ಕಿರುಚಾಟ ಕೇಳಿದಾಗಲೆಲ್ಲ ಭಾಗ್ಯ ಹಿಮ್ಮಡಿ ಎತ್ತಿ ನೋಡುತ್ತಿದ್ದಳು.

ಆಂಧ್ರದ ಗಡಿಯ ಆದೋನಿ ಊರಾಚೆ ಈ ಪಾರ್ಕು ಸಂಕ್ರಾಂತಿಗೆ ಶುರುವಾಗಿತ್ತು. ಅದಕ್ಕೆ ಮೊದಲು ಬೇಸಿಗೆಯಲ್ಲಿ ಬರುವ ಎಕ್ಸಿಬಿಷನ್ ಒಂದೇ ಗತಿ. ಪತ್ತಿಕೊಂಡದಿಂದ ಅವರ ಮನೆಯವರು ಪ್ರತಿ ವರ್ಷವೂ ಬರುತ್ತಿದ್ದರು, ಪ್ರತಿ ವರ್ಷವೂ ಒಂದೇ ಪದ್ಧತಿ: ಒಬ್ಬರು ಸಾಲಿನಲ್ಲಿ ನಿಂತು ಪಾಳಿ ಹಿಡಿಯುವುದು, ಉಳಿದವರು ಮಿರ್ಚಿ ಬಜ್ಜಿ ತಿನ್ನುತ್ತ, ಬಳೆ ನೋಡುತ್ತ ಸುತ್ತಾಡುವುದು. ಪಾಳಿ ಹತ್ತಿರ ಬಂದಾಗ ಎಲ್ಲರೂ ಓಡಿ ಬಂದು ಒಳಗೆ ಸೇರಿಕೊಳ್ಳುವುದು, ಹಿಡಿದವರು ಹೊರಗೆ ಬಂದು ಚಪ್ಪಲಿ, ಬ್ಯಾಗು ಕಾಯುವುದು. ಮದುವೆಯಾಗಿ ಬಂದ ವರ್ಷ ಈ ಕೆಲಸ ಭಾಗ್ಯಳಿಗೆ ಬಂತು. ಮಗಳು ಹಾರಿಕಾ ಒಂಬತ್ತನೇ ಕ್ಲಾಸಿಗೆ ಬಂದರೂ ಕೆಲಸ ಮಾತ್ರ ಅವಳನ್ನು ಬಿಟ್ಟಿರಲಿಲ್ಲ. ನೀನು ಹತ್ತಬೇಡ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಆದರೆ ಉಳಿದವರು ಒಮ್ಮೆ ಹತ್ತಿ ಇಳಿಯುವಷ್ಟರಲ್ಲಿ ಸಾಲು ಗೇಟಿನಾಚೆಗೆ ಬೆಳೆದಿರುತ್ತಿತ್ತು. "ಹೊತ್ತಾತು, ಬಸ್ಸು ಹೋಗ್ತೈತಿ, ಮುಂದಿನ ಸಲ ನೋಡೋಣು," ಎನ್ನುತ್ತಿದ್ದ ಗಂಡ ಚಂದ್ರಮೋಹನ್. ಅವನು ಹೇಳುವುದು ಸುಳ್ಳೂ ಆಗಿರುತ್ತಿರಲಿಲ್ಲ.

ಇವತ್ತೂ ಹಾಗೆಯೇ ಆಗುತ್ತದೆ ಎಂದುಕೊಂಡೇ ಬಂದಿದ್ದಳು. ಆದರೆ ಈ ಸಾಲು ನಿಲ್ಲುತ್ತಲೇ ಇರಲಿಲ್ಲ.

ಸಾಲಿಗೆ ಸೇರಿದಾಗ ಅವಳ ಮುಂದೆ ದೊಡ್ಡ ಗುಂಪೇ ಇತ್ತು. ಅತ್ತೆ ಹುಲುಗಮ್ಮ ಅದನ್ನು ನೋಡಿ, "ಇದು ಚಂಜಿತನಕಾ ಕರಗಂಗಿಲ್ಲ. ನೀ ನಿಂತಿರು, ನಾವು ಒಂದಿಷ್ಟು ತಿಂದು ಬರ್ತೀವಿ," ಎಂದು ಎಲ್ಲರನ್ನೂ ಕರೆದುಕೊಂಡು ಹೋಗಿದ್ದಳು. ಅವರು ತಿರುವಿನಲ್ಲಿ ಮರೆಯಾಗುವಷ್ಟರಲ್ಲೇ ಸಾಲು ಸರ್ರನೆ ಮುಂದೆ ಹೋಯಿತು. ಭಾಗ್ಯ ಕತ್ತು ಚಾಚಿ ನೋಡಿದಳು. ಗೇಟಿನ ಹತ್ತಿರ ಹಳದಿ ಟೋಪಿಯ ಹೆಂಗಸೊಬ್ಬಳು ಜನರನ್ನು ಎಣಿಸಿ ಎಣಿಸಿ ಸಿಮೆಂಟಿನ ಮೇಲೆ ಬರೆದ ನಂಬರುಗಳ ಮೇಲೆ ನಿಲ್ಲಿಸುತ್ತಿದ್ದಳು. ಒಂದು ತಂಡ ದೋಣಿಯಲ್ಲಿ ತೂಗುತ್ತಿರುವಾಗಲೇ ಇನ್ನೊಂದು ತಂಡ ಯಾರು ಎಲ್ಲಿ ಕೂರಬೇಕೆಂದು ಗೊತ್ತಾಗಿ ತಯಾರಾಗಿರುತ್ತಿತ್ತು. ದೋಣಿ ನಿಂತ ಕೂಡಲೇ ಒಳಗಿನವರು ಆಚೆ ಬದಿಯಿಂದ ಇಳಿದರೆ, ಹೊರಗಿನವರು ಈಚೆ ಬದಿಯಿಂದ ಹತ್ತುತ್ತಿದ್ದರು. ಒಬ್ಬರ ಮೈ ಒಬ್ಬರಿಗೆ ತಾಕುತ್ತಿರಲಿಲ್ಲ. ಇಬ್ಬರು ಕೆಲಸದವರು ಎರಡು ತುದಿಯಿಂದ ಅಡ್ಡಗಂಬಿ ಒತ್ತಿ ನೋಡುತ್ತ ಬಂದು ನಡುವೆ ಸೇರಿ ಕೈ ಎತ್ತುತ್ತಿದ್ದರು. ಹಳದಿ ಟೋಪಿಯವಳು ಸೀಟಿ ಊದಿದರೆ ದೋಣಿ ಮತ್ತೆ ಹೊರಡುತ್ತಿತ್ತು! ಹಬ್ಬದ ದಿನ ಕೈ ಪಳಗಿದ ಅಡುಗೆಯವರು ಒಬ್ಬರಿಗೊಬ್ಬರು ಮಾತಾಡದೆ ಹೋಳಿಗೆ ತಟ್ಟಿ, ಬೇಯಿಸಿ, ತಟ್ಟೆಗೆ ಹಾಕುವುದನ್ನು ನೋಡಿದಷ್ಟು ಖುಷಿಯಾಯಿತು ಭಾಗ್ಯಳಿಗೆ.

ಖುಷಿಯ ಹಿಂದೆಯೇ ಗಾಬರಿಯೂ ಬಂತು. ಗೇಟು ಬಂದೇಬಿಟ್ಟಿತ್ತು. ಮನೆಯವರು ಎಲ್ಲೂ ಕಾಣಲಿಲ್ಲ.

ತನ್ನ ಫೋನು ತೆಗೆದು ಗಂಡನಿಗೆ ಹಚ್ಚಿದಳು. ಬ್ಯಾಗೊಳಗೆ ಗುರ್ ಎಂದಿತು. ನಾದಿನಿ ಈಶ್ವರಿಗೆ ಹಚ್ಚಿದಳು. ಬ್ಯಾಗೊಳಗೆ ಹಾಡು ಶುರುವಾಯಿತು. ಹಿಂದೆ ನಿಂತಿದ್ದ ಕಾಲೇಜು ಹುಡುಗಿ ಕಿಸಕ್ಕನೆ ನಕ್ಕಳು.

"ಅಕ್ಕಾ, ನಿಮ್ಮ ಬ್ಯಾಗಿಗ ನೀವ ಫೋನ್ ಮಾಡಾಕತ್ತೀರೇನು?"

"ಎಲ್ಲಾರ ಫೋನೂ ನನ್ನ ಹತ್ರಾನ ಅದಾವ ತಂಗಿ. ನೀವು ಮುಂದ ಹೋಗ್ರಿ, ನಮ್ಮವರು ಬರ್ತಾರ."

ಹುಡುಗಿಯ ಜೊತೆಯವರು ಅವಳನ್ನು ದಾಟಿಕೊಂಡು ಮುಂದೆ ಹೋದರು. ಅವರ ಹಿಂದಿನವರನ್ನೂ ಭಾಗ್ಯ ಮುಂದೆ ಬಿಟ್ಟಳು. ಮತ್ತೊಂದು ಸಂಸಾರವನ್ನೂ ಬಿಡಲು ಪಕ್ಕಕ್ಕೆ ಸರಿದಾಗ ಹಳದಿ ಟೋಪಿಯವಳು ನೇರ ಅವಳ ಬಳಿಗೇ ಬಂದಳು. ಅಂಗಿಯ ಬಿಲ್ಲೆಯ ಮೇಲೆ ತೆಲುಗಿನಲ್ಲಿ ರಾಮಲಕ್ಷ್ಮಿ ಎಂದಿತ್ತು.

"ಏಮಕ್ಕಾ, ಎಕ್ಕುತಾವಾ ಲೇದಾ? ಹತ್ತೋದಿದ್ರ ಹತ್ತು, ಇಲ್ಲಂದ್ರ ಹೊರಗ ಬಾ. ನೀ ದಾರ್ಯಾಗ ನಿಂತ್ರ ಲೈನ್ ಹೆಂಗ ಹೋಗ್ಬೇಕು?"

"ನಾನು ಹತ್ತಾಕಿ ಅಲ್ಲವ್ವಾ. ಪಾಳಿ ಹಿಡಿದೀನಿ."

"ಯಾರಿಗೆ?"

"ಮನಿಯವರಿಗೆ. ಎಂಟು ಮಂದಿ."

ರಾಮಲಕ್ಷ್ಮಿ ಸೊಂಟಕ್ಕೆ ಕೈಯಿಟ್ಟು ನಕ್ಕಳು. "ಇಲ್ಲಿ ಪಾಳಿ ಹಿಡಿಯಂಗಿಲ್ಲಕ್ಕಾ. ಬಂದವರು ನಿಲ್ತಾರ, ನಿಂತವರು ಹತ್ತತಾರ. ಅವರು ಬಂದ್ರ ಅವರಿಗೂ ಐದೇ ನಿಮಿಷ." ಅಷ್ಟರಲ್ಲಿ ಒಳಗಿನಿಂದ ಯಾರೋ ಕೂಗಿದರು. ಅವಳು ತಿರುಗಿ ನೋಡಿ, "ಕೊನೆ ಸಾಲಿನ್ಯಾಗ ಒಂದು ಸೀಟು ಖಾಲಿ! ಒಬ್ಬರು ಯಾರಿದೀರಿ? ಸಿಂಗಲ್, ಸಿಂಗಲ್!" ಎಂದು ಸಾಲಿಗೆಲ್ಲ ಕೇಳುವಂತೆ ಕೂಗಿದಳು.

ಯಾರೂ ಕೈ ಎತ್ತಲಿಲ್ಲ. ಎಲ್ಲರೂ ತಮ್ಮ ತಮ್ಮವರ ಜೊತೆಗಿದ್ದರು. ಒಬ್ಬಳೇ ಇದ್ದವಳು ಭಾಗ್ಯ.

ಬೈಗುಳ ಈಗಲೇ ಕಿವಿಯಲ್ಲಿ ಕೇಳಿಸಿತು: ಒಂದು ಪಾಳಿ ಹಿಡಿ ಅಂದ್ರ ತಾನ ಹೋಗಿ ಕುಂತ್ಳು ನೋಡು! ಅವಳು ತಿರುವಿನ ಕಡೆ ಇನ್ನೊಮ್ಮೆ ನೋಡಿದಳು. ಅತ್ತೆಯ ಕೆಂಪು ಸೀರೆ ಕಂಡರೆ ಅಲ್ಲಿಗೆ ಮುಗಿಯಿತು. ಕಾಣದಿರಲಿ ಎಂದು ತಾನು ಬೇಡಿಕೊಳ್ಳುತ್ತಿದ್ದೇನೆಂದು ಗೊತ್ತಾಗಿ ಅವಳಿಗೇ ಆಶ್ಚರ್ಯವಾಯಿತು.

"ಬ್ಯಾಗು?" ಎಂದಳು. ದನಿ ಸಣ್ಣಗಾಗಿತ್ತು.

"ಅಲ್ಲಿ ಕಟ್ಟಿಗಿ ಕಪಾಟು ಐತಲ್ಲ, ಅದರಾಗ ಇಡು. ಇಳದ ಮ್ಯಾಲ ತಗೋ. ರಾ ಅಕ್ಕಾ, ಲಗೂ ಲಗೂ!"

ಮೈ ಮೇಲಿನ ಭಾರವನ್ನೆಲ್ಲ ಕಪಾಟಿನಲ್ಲಿಟ್ಟಾಗ ತೋಳುಗಳು ತಾವಾಗಿಯೇ ಮೇಲಕ್ಕೆ ತೇಲಿದಂತಾಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಭಾಗ್ಯ ಓಡಿಯೇ ಹೋಗಿ ಕೊನೆಯ ಸಾಲಿನಲ್ಲಿ ಕುಳಿತಳು. ಪಕ್ಕದಲ್ಲಿ ಅದೇ ಕಾಲೇಜು ಹುಡುಗಿ.

"ಬಂದ್ರಿ ಅಕ್ಕಾ! ನಾನು ಪಲ್ಲವಿ, ನಂದವರಂ ಊರಾಕಿ. ಕೊನೆ ಸಾಲು ಅಂದ್ರ ಭಾಳ ಎತ್ತರ ಹೋಗ್ತೈತಿ, ಗೊತ್ತೈತಿಲ್ಲ?"

"ಇಲ್ಲವ್ವಾ, ಯಾರೂ ಹೇಳಲಿಲ್ಲ!"

ಅಡ್ಡಗಂಬಿ ತೊಡೆಯ ಮೇಲೆ ಕೂತಿತು. ಸೀಟಿ ಕೇಳಿಸಿತು.

ಮೊದಲು ತೊಟ್ಟಿಲು ತೂಗಿದಂತೆ ಮೆಲ್ಲಗೆ. ಇಷ್ಟೇನಾ ಎಂದುಕೊಂಡಳು. ಮರುಕ್ಷಣ ನೆಲ ಕೆಳಗೆ ಹೋಯಿತು, ಟಿಕೆಟ್ ಕೊಡುವ ಗುಡಿಸಲು, ಐಸ್‌ಕ್ರೀಮ್ ಬಂಡಿ, ಬೇವಿನ ಮರ ಎಲ್ಲವೂ ಕಾಲಡಿಗೆ ಇಳಿದವು. ಬಂಡೆಗಲ್ಲಿನ ಗುಡ್ಡ, ಅದರ ಮೇಲಿನ ಹಳೆಯ ಕೋಟೆ, ಹತ್ತಿ ಮಿಲ್ಲುಗಳ ತಗಡಿನ ಮಾಡು, ಗುಂತಕಲ್ಲಿನ ಕಡೆ ಹೊರಟ ರೈಲು ಒಂದೇ ಸಲ ಕಣ್ಣಿಗೆ ಬಿದ್ದವು. ದೋಣಿ ಮೇಲೆ ಒಂದು ಗಳಿಗೆ ನಿಂತಿತು. ಆ ಗಳಿಗೆಯಲ್ಲಿ ಮೈಗೆ ತೂಕವೇ ಇರಲಿಲ್ಲ. ಆಮೇಲೆ ಬಿದ್ದಿತು.

"ಯವ್ವೋಽಽ!"

ಕೂಗಿದ್ದು ತಾನೇ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಅಂಥ ದನಿ ತನ್ನೊಳಗಿತ್ತೆ? ಪತ್ತಿಕೊಂಡದ ಮನೆಯಲ್ಲಿ ಅಂಗಳದಿಂದ ಅಡುಗೆಮನೆಗೆ ಕೇಳುವಷ್ಟು ಜೋರಾಗಿ ಅವಳು ಯಾರನ್ನೂ ಕರೆದವಳಲ್ಲ. ಎರಡನೆಯ ಸಲ ಬೇಕೆಂದೇ ಕೂಗಿದಳು. ಮೂರನೆಯ ಸಲ ಕೂಗು ನಗುವಾಯಿತು, ನಗು ನಿಲ್ಲಲಿಲ್ಲ, ಕಣ್ಣಲ್ಲಿ ನೀರು ಬಂತು. ಪಲ್ಲವಿ ಅವಳ ಕೈ ಹಿಡಿದು, "ಕೈ ಮ್ಯಾಲೆತ್ರಿ ಅಕ್ಕಾ, ಎತ್ರಿ!" ಎಂದಳು. ಭಾಗ್ಯ ಎರಡೂ ಕೈ ಎತ್ತಿದಳು. ಜಡೆ ಬಿಚ್ಚಿ ಮುಖಕ್ಕೆ ಬಡಿಯುತ್ತಿತ್ತು. ಬಡಿಯಲಿ ಎಂದು ಬಿಟ್ಟಳು.

ಇಳಿಯುವಾಗಲೂ ಅವಳು ನಗುತ್ತಲೇ ಇದ್ದಳು. ಕಪಾಟಿನಿಂದ ಚೀಲ, ಬ್ಯಾಗು ತೆಗೆದುಕೊಂಡು, ಜಡೆ ಸುತ್ತಿಕೊಂಡು, ಸುತ್ತು ಹಾಕಿ ಸಾಲಿನ ಬಾಯಿಗೆ ಬರುವುದಕ್ಕೂ ಮನೆಯವರು ಬಜ್ಜಿಯ ಎಣ್ಣೆ ಒರೆಸಿಕೊಳ್ಳುತ್ತ ಬರುವುದಕ್ಕೂ ಸರಿಹೋಯಿತು.

"ಬಂತೇನು ಪಾಳಿ?" ಎಂದಳು ಹುಲುಗಮ್ಮ. ಸಾಲಿನ ಕಡೆ ನೋಡಿದವಳೇ ಹುಬ್ಬೇರಿಸಿದಳು. "ಅಯ್ಯ, ನೀ ಹೊರಗ್ಯಾಕ ನಿಂತೀ? ಪಾಳಿ ಕಳಕೊಂಡ್ಯಾ?"

"ಇಲ್ಲಿ ಹಿಡಿಯೋದ ಬ್ಯಾಡಂತ ಅತ್ತೀ. ನಿಂತವರು ಹಂಗ ಹತ್ತತಾರ. ನೋಡ್ರಿ, ಹತ್ತು ಮಂದೀನೂ ಇಲ್ಲ."

"ಹಂಗಾರ ಇಷ್ಟೊತ್ತು ಏನ್ ಮಾಡಿದಿ?"

"ನೋಡ್ತಿದ್ದೆ."

"ನಿನ್ನ ದನಿ ಯಾಕ ಹಿಂಗ ಬಿದ್ದೈತಿ?" ಎಂದಳು ಈಶ್ವರಿ. "ತಲಿ ನೋಡಿದ್ರ ಗಾಳ್ಯಾಗ ಸಿಕ್ಕ ಗುಬ್ಬಿ ಗೂಡು ಆಗೇತಿ."

"ಬಿಸಿಲು, ಧೂಳು," ಎಂದಳು ಭಾಗ್ಯ. ತುಟಿ ಬಿಗಿಹಿಡಿಯದಿದ್ದರೆ ನಗು ಹೊರಗೆ ಬೀಳುತ್ತಿತ್ತು.

ಚಂದ್ರಮೋಹನ್ ಸಾಲು ನೋಡಿದ, ಕಪಾಟು ನೋಡಿದ, ಅವಳ ಕೈಯಲ್ಲಿದ್ದ ಚೀಲ ನೋಡಿದ. "ಬ್ಯಾಗಿಗೂ ಜಾಗಾ ಮಾಡ್ಯಾರಲ್ಲ! ಹಂಗಾರ ನೀನೂ ಬಾ ಈ ಸಲ. ಹೊತ್ತೇನು ಆಗಂಗಿಲ್ಲ."

"ಕಪಾಟು ನಂಬಬ್ಯಾಡ್ರಪ್ಪಾ," ಎಂದಳು ಹುಲುಗಮ್ಮ. ಚೀಲ ಕಸಿದುಕೊಂಡು ಬೆಂಚಿನ ಮೇಲೆ ಕುಳಿತೇಬಿಟ್ಟಳು. "ನಾನ ಕಾಯ್ತೀನಿ. ನನಗಂತೂ ಅದನ್ನ ನೋಡಿದ್ರನ ತಲಿ ತಿರುಗ್ತೈತಿ. ಭಾಗ್ಯಾ, ಜ್ವಾಕಿ, ಅಂಜಿ ವಾಂತಿ ಗೀಂತಿ ಮಾಡಿಕೊಂಡೀ!"

ಸಾಲು ಸರಸರ ಸರಿಯಿತು. ರಾಮಲಕ್ಷ್ಮಿ ಎಣಿಸುತ್ತ ಬಂದಳು. ಭಾಗ್ಯಳ ಮುಖದ ಮೇಲೆ ಅವಳ ಕಣ್ಣು ಅರೆಗಳಿಗೆ ನಿಂತಿತು. ಮತ್ತೆ ಎಣಿಸುತ್ತ ಮುಂದೆ ಹೋದಳು. ಚಂದ್ರಮೋಹನ್ ನಡುವಿನ ಸಾಲಿನ ನಂಬರಿನ ಮೇಲೆ ನಿಂತು ಹೆಂಡತಿಯನ್ನು ಹತ್ತಿರಕ್ಕೆ ಕರೆದ.

"ಇಲ್ಲಿ ಎತ್ತರ ಕಡಿಮಿ. ಮೊದಲನೇ ಸಲ ಅಲ್ಲೇನು, ನನ್ನ ಕೈ ಹಿಡ್ಕೊ. ಅಂಜಿಕಿ ಆದ್ರ ಕಣ್ಣು ಮುಚ್ಚಿಬಿಡು."

"ಹೂಂ," ಎಂದಳು ಭಾಗ್ಯ. ಅವನ ಮುಖದಲ್ಲಿ ನಿಜವಾದ ಅಕ್ಕರೆಯಿತ್ತು. ಹೇಳಿಬಿಡಬಹುದಿತ್ತು. ಹೇಳಿದ್ದರೆ ನಗುತ್ತಿದ್ದರು, ಹಾರಿಕಾ ಚಪ್ಪಾಳೆ ತಟ್ಟುತ್ತಿದ್ದಳು. ಆಮೇಲೆ ಅದು ಊರಿಗೆ ಹೋಗುವ ತನಕ ಎಲ್ಲರ ಬಾಯಲ್ಲಿ ಓಡಾಡುವ ಮಾತಾಗುತ್ತಿತ್ತು. ಬೇಡ. ಆ ಕೂಗು, ಮೇಲೆ ನಿಂತ ಆ ಗಳಿಗೆ, ಅವು ತನಗೊಬ್ಬಳಿಗೇ ಇರಲಿ.

ದೋಣಿ ನಿಂತಿತು. ಆಚೆ ಬದಿಯಿಂದ ಜನ ಇಳಿಯತೊಡಗಿದರು. ಭಾಗ್ಯ ಸೆರಗನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಗೇಟು ತೆರೆದ ಕೂಡಲೇ ಯಾರನ್ನೂ ಕೇಳದೆ ನೇರ ಕೊನೆಯ ಸಾಲಿಗೆ ನಡೆದುಬಿಡುವುದೆಂದು ಅವಳು ಮನಸ್ಸಿನಲ್ಲೇ ನಿರ್ಧಾರ ಮಾಡಿಕೊಂಡಳು.