ಮುಂಡರಗಿ ಅತ್ತಿಯ ಊಟ

ಮೋತಿಬಿ ಲಕ್ಷ್ಮೇಶ್ವರದ ಮನೆಗೆ ಬಂದಾಗ ಆ ಮನೆಯ ಸೊಸೆ ಫಿಜಾ ಒಬ್ಬಳೇ ಇದ್ದಳು. ಗಂಡ ಇಲಿಯಾಸ ಹೊಲಿದ ಗಾದಿಗಳನ್ನು ಟಂಟಂ ಗಾಡಿಗೆ ಹೇರಿಕೊಂಡು ಶಿರಹಟ್ಟಿಗೆ ಹೋಗಿದ್ದ. ಅತ್ತೆ ದಿಲಶಾದಬಿ ಮಗಳ ಬಾಣಂತನಕ್ಕೆಂದು ಬೆಳ್ಳಟ್ಟಿಯಲ್ಲಿದ್ದಳು.

ಮೋತಿಬಿ ಇಲಿಯಾಸನ ಸೋದರತ್ತೆ. ಮನೆಯಲ್ಲಿ ಎಲ್ಲರಿಗೂ ಮುಂಡರಗಿ ಅತ್ತಿ. ಯಾರ ಮನೆಗೆ ಹೋದರೂ ಚಹಾ ಕುಡಿದು, ಊಟಕ್ಕೆ ಕರೆದರೆ ಹಸಿವಿಲ್ಲ ಎನ್ನುವವಳು. ಒಂದೆರಡು ವರ್ಷದಿಂದ ಹೀಗೇ. ಆಕೆಗೆ ಸೊಕ್ಕು ಎಂದು ಬಂಧುಬಳಗದಲ್ಲಿ ಮಾತಾಗಿತ್ತು.

ಫಿಜಾ ಫೋನ್ ಮಾಡಿ ಹೇಳಿದ ಕೂಡಲೇ ದಿಲಶಾದಬಿ ಗಾಬರಿಯಾದಳು. "ಆಕಿ ಉಣ್ಣಂಗಿಲ್ಲವಾ. ಚಹಾ ಕೊಟ್ಟು ಸುಮ್ನಾಗು. ಏನರ ಮಾಡಾಕ ಹೋಗಿ ಹೆಸರು ಕೆಡಿಸ್ಕೋಬ್ಯಾಡ."

"ನೀವು ಚಿಂತಿ ಬಿಡ್ರಿ ಅತ್ತಿ. ನಾ ನೋಡ್ಕೋತೀನಿ," ಎಂದಳು ಫಿಜಾ.

ಚಹಾ ಕೊಟ್ಟು ಊಟಕ್ಕೆ ಕೇಳಿದರೆ ಮೋತಿಬಿ ಹಸಿವಿಲ್ಲ ಎಂದಳು. ಆಮೇಲೆ ಫಿಜಾ ಕಪ್ಪು ತೆಗೆದುಕೊಳ್ಳಲು ಹೊರಗೆ ಬಂದರೆ, ಮೋತಿಬಿ ಕಟ್ಟೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದಳು. ಸೆರಗಿನ ಮರೆಯಲ್ಲಿ ಕಟಕ್ ಎಂದು ಸದ್ದು. ಚೀಲದಿಂದ ಖಡಕ್ ರೊಟ್ಟಿ ತೆಗೆದು ಬರಿದೇ ಕಡಿಯುತ್ತಿದ್ದಳು.

ಫಿಜಾ ಎದುರಿಗೇ ಕುಳಿತಳು. "ಹಸಿವಿಲ್ಲ ಅಂದ್ರಿ. ನಮ್ಮ ಕೈ ಅಡಗಿ ಸೇರಂಗಿಲ್ಲೇನ್ರಿ ಅತ್ತಿ?"

"ಎಷ್ಟು ಜೋರ ಅದಿಯಲೇ ಹುಡುಗಿ!" ಮೋತಿಬಿ ಸಿಡುಕಿದಳು. ಫಿಜಾ ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಮುದುಕಿಯ ದನಿ ಇಳಿಯಿತು. "ಪಿತ್ತದ ಚೀಲದಾಗ ಹರಳದಾವ. ಎಣ್ಣಿ ತಿಂದ್ರ ರಾತ್ರಿಯೆಲ್ಲಾ ಹೊಟ್ಟಿ ಹಿಡಕೊಂಡು ಒದ್ದಾಡ್ತೀನಿ. ಡಾಕ್ಟರೂ ಎಣ್ಣಿ ಬಿಡು ಅಂದಾರ."

"ಹೇಳಬೇಕಿತ್ತಲ್ರಿ ಮತ್ತ?"

"ಹೇಳಿದ್ರ ನನಗೊಬ್ಬಾಕಿಗೆ ಬ್ಯಾರೆ ಸಪ್ಪನ ಅಡಗಿ ಮಾಡಿ ಇಡ್ತಾರ. ರೋಗಿ ಗತೆ ಮೂಲ್ಯಾಗ ಕುಂತು ಉಣ್ಣೋದು ನನಗ ಆಗಂಗಿಲ್ಲ."

"ಬ್ಯಾರೆ ಯಾಕ್ರಿ? ಒಂದ ಡಬರ್ಯಾಗ ಮಾಡ್ತೀನಿ. ಎಲ್ಲಾರೂ ಅದನ್ನ ಉಣ್ಣೋಣು."

ಇಲಿಯಾಸ ಬೆಳಿಗ್ಗೆಯೇ ಕೋಳಿ ತಂದುಕೊಟ್ಟು ಹೋಗಿದ್ದ. ಅಂಗಡಿಗೆ ಹೋಗುವ ಅಗತ್ಯ ಫಿಜಾಳಿಗೆ ಕಾಣಲಿಲ್ಲ. ಬಟ್ಟಲು ಮೊಸರಿತ್ತು, ಉಳ್ಳಾಗಡ್ಡಿ, ಬಳ್ಳೊಳ್ಳಿ, ಎರಡು ಟೊಮೆಟೊ, ಬಾಡುವುದಕ್ಕೆ ಬಂದ ಒಂದು ಸಿವುಡು ಮೆಂತ್ಯ ಸೊಪ್ಪು ಇದ್ದವು. ಸಾಕು. ಕೋಳಿಯ ತೊಗಲು, ಕೊಬ್ಬು ತೆಗೆದು ತುಂಡುಗಳಿಗೆ ಮೊಸರು, ಅರಿಷಿಣ, ಉಪ್ಪು, ಜಜ್ಜಿದ ಶುಂಠಿ ಬಳ್ಳೊಳ್ಳಿ ತಿಕ್ಕಿಟ್ಟಳು.

ದಪ್ಪ ತಳದ ಡಬರಿ ಕಾದ ಮೇಲೆ ಹೆಚ್ಚಿದ ಉಳ್ಳಾಗಡ್ಡಿಯನ್ನು ಎಣ್ಣೆ ಹಾಕದೆ ಹಾಗೇ ಸುರಿದಳು.

"ಎಣ್ಣಿ ಇಲ್ಲದ ತಳ ಹತ್ತತೈತಿ," ಎಂದಳು ಬಾಗಿಲಲ್ಲಿ ನಿಂತ ಮೋತಿಬಿ.

"ಹತ್ತಂಗಿಲ್ರಿ." ಕೆಂಪಗಾಗುತ್ತಿದ್ದಂತೆ ಫಿಜಾ ಚೂರು ನೀರು ಚಿಮುಕಿಸಿ ಕೆದಕಿದಳು. ಮತ್ತೆ ಕೆಂಪು, ಮತ್ತೆ ನೀರು. ಉಳ್ಳಾಗಡ್ಡಿ ಮೆತ್ತಗಾಗಿ ಬೆಲ್ಲದ ಬಣ್ಣಕ್ಕೆ ತಿರುಗಿತು. ಟೊಮೆಟೊ, ಸೀಳಿದ ಹಸಿಮೆಣಸಿನಕಾಯಿ ಹಾಕಿ, ಕೋಳಿ ಬಿಟ್ಟು, ಉರಿ ಸಣ್ಣ ಮಾಡಿ ಮುಚ್ಚಿದಳು. ಕೋಳಿ ತನ್ನ ನೀರಿನಲ್ಲೇ ಬೆಂದಿತು. ಕೊನೆಗೆ ಮೆಂತ್ಯ ಸೊಪ್ಪು, ಸಾರು ಗಟ್ಟಿಯಾಗಲು ಒಂದು ಹಿಡಿ ಹುರಿಗಡಲೆ ಹಿಟ್ಟು. ಮೋತಿಬಿ ತಾನೇ ಹಿಟ್ಟು ನಾದುವ ಕೊಣಮಿಗೆಯ ಮುಂದೆ ಕುಳಿತು ರೊಟ್ಟಿ ಬಡಿಯತೊಡಗಿದಳು.

ಹೊತ್ತು ಮುಳುಗುವಾಗ ಇಲಿಯಾಸ ಬಂದ. ಮೂವರೂ ಒಟ್ಟಿಗೆ ಕುಳಿತರು. ಅವನು ಮೊದಲ ತುತ್ತು ತಿಂದು ತಾಟನ್ನೇ ನೋಡಿದ. "ಎಣ್ಣಿ ಮರತಿ ಏನ?"

"ಮರತಿಲ್ಲ. ಹಾಕಿಲ್ಲ," ಎಂದಳು ಫಿಜಾ.

"ಸುಮ್ನ ಉಣ್ಣಲೇ," ಎಂದಳು ಮೋತಿಬಿ, ಎಲುಬು ಚೀಪುತ್ತಾ. ಇಲಿಯಾಸ ನಕ್ಕು ಇನ್ನೊಂದು ರೊಟ್ಟಿಗೆ ಕೈ ಹಾಕಿದ.

ಆ ರಾತ್ರಿ ಮೋತಿಬಿ ಗಡದ್ದಾಗಿ ನಿದ್ದೆ ಮಾಡಿದಳು. ಮುಂಜಾನೆ ಬಸ್‌ ನಿಲ್ದಾಣದಲ್ಲಿ ಫಿಜಾಳ ಕೈ ಹಿಡಿದು, "ಮುಂಡರಗಿಗೆ ಬಾ. ಹೊಳಿ ಮೀನ ತರಸ್ತೀನಿ. ನಿನ್ನ ಗತೆ ಮಾಡಿ ನೋಡೋಣು," ಎಂದಳು.

"ಮೀನದ್ದ ಪದ್ಧತಿ ಬ್ಯಾರೆ ಐತ್ರಿ ಅತ್ತಿ. ನಾ ಬಂದ ಮ್ಯಾಲೆ ಒಲಿ ಹಚ್ರಿ."

"ಆತು, ಜಲ್ದಿ ಬಾ," ಎಂದು ಮೋತಿಬಿ ಬಸ್ಸು ಹತ್ತಿದಳು.