ಮುಟ್ಟಿದ ಕೊಡಲಿ

ಗಂಡನ ಮೂರನೇ ದಿನದ ಹಾಲು-ತುಪ್ಪ ಮುಗಿಸಿ ನೆಂಟರೆಲ್ಲ ಹೊರಟ ಮಾರನೆಯ ಬೆಳಗ್ಗೆ ಅತ್ತೆ ಎಂದಿನಂತೆ ಹಿತ್ತಲು ಗುಡಿಸಿದರು. ಕೊಕ್ಕರೆಗಳ ಹಿಕ್ಕೆ, ಕಡ್ಡಿ, ಒಂದು ಅರ್ಧ ಮೀನು. ಎಂದಿನಂತೆ ಬೈದುಕೊಂಡರು. ನನಗೆ ಅಳು ಬರಲಿಲ್ಲ. ಕಾಫಿ ಕುಡಿದೆ.

ಮೈಸೂರು ರಸ್ತೆ ಅಗಲ ಮಾಡಲು ಸಾಲುಮರಗಳನ್ನು ಕಡಿದ ವರ್ಷದಿಂದ ಕೊಕ್ಕರೆಗಳು ಬೈರಾಪಟ್ಟಣದ ನಮ್ಮ ಹುಣಸೆಮರಕ್ಕೆ ಬರುತ್ತಿವೆ. ಚಳಿಗಾಲದಲ್ಲಿ ಬಂದು, ಮರಿ ಮಾಡಿ, ಮಳೆಗೆ ಮುಂಚೆ ಹೊರಡುತ್ತವೆ. ನನ್ನ ಗಂಡ ಜಯಕುಮಾರ್ ಅವುಗಳಿಗೋಸ್ಕರ ಆ ಮರದ ಹಣ್ಣು ಉದುರಿಸುವುದನ್ನೇ ಬಿಟ್ಟಿದ್ದರು. ಬಿಡದಿಯ ಕಾರ್ಖಾನೆಯಿಂದ ಬರುವಾಗ ಅವರ ಬೈಕಿಗೆ ಲಾರಿ ಬಡಿಯಿತು. ಗೂಡುಗಳಲ್ಲಿ ಆಗಷ್ಟೇ ಮೊಟ್ಟೆ ಒಡೆದು ಮರಿ ಬಂದಿದ್ದವು.

ಅತ್ತೆ ಪೊರಕೆ ಇಡುವಷ್ಟರಲ್ಲಿ ಗಂಡನ ಚಿಕ್ಕಪ್ಪ ಮರಿಯಪ್ಪ ಇಬ್ಬರು ಮರ ಕಡಿಯುವವರನ್ನು ಕರೆತಂದರು. ಸತ್ತವನ ತಿಥಿ ಅಡುಗೆಗೆ ಅವನ ಮನೆಯ ಮರದ್ದೇ ಸೌದೆ ಆಗಬೇಕೆಂಬುದು ಈ ಮನೆತನದ ಪದ್ಧತಿ.

"ಇವತ್ತೇ ಕೆಡವಿದ್ರೆ ತಿಥಿ ಹೊತ್ಗೆ ಒಸಿ ಒಣಗ್ತದೆ."

"ಮರಿ ಅವೆ ಮಾವ."

"ಕೊಕ್ಕರೆಗೆ ಬ್ಯಾರೆ ಮರ ಇಲ್ವ?"

"ನೀವೇ ತೋರಿಸಿ. ಎಲ್ಲೈತೆ?"

"ಮೈಸೂರಲ್ಲಿ ಎಮ್ಮೆಸ್ಸಿ ಓದಿದ್ದು ಕೊಕ್ಕರೆ ಬಾಣಂತನ ಮಾಡಾಕಾ? ಗಂಡ ಹೋಗಿ ವಾರ ಆಗಿಲ್ಲ, ಬಾಯಿ ನೋಡು. ಒಳಿಕ್ ಹೋಗವ್ವ ದಿವ್ಯ."

ಕಡಿಯುವವರಲ್ಲಿ ಹಿರಿಯವನು ಮರದ ಬುಡಕ್ಕೆ ಅರಿಸಿನ ಕುಂಕುಮ ಇಟ್ಟು, ಕೊಡಲಿಯನ್ನು ಮುಂದೆ ಮಲಗಿಸಿ, ಕರ್ಪೂರ ಹಚ್ಚಿ ಕಣ್ಣು ಮುಚ್ಚಿದ. ಸೂತಕದವರು ಮುಟ್ಟಿದ ಆಯುಧವನ್ನು ಇವರು ಹಿಡಿಯುವುದಿಲ್ಲ. ಬಂದಾಗಿನಿಂದ ನನ್ನ ಕಡೆ ನೋಡಿಯೂ ಇರಲಿಲ್ಲ. ನಾನು ಹೋಗಿ ಕೊಡಲಿಯ ಕಾವನ್ನು ಎರಡೂ ಕೈಯಲ್ಲಿ ಹಿಡಿದೆ.

"ಅಯ್ಯೋ, ಬುಡಿ ಅಮ್ಮಾ, ಬುಡಿ!"

"ಮುಟ್ಟಿ ಆಯ್ತಲ್ಲ."

ಕಿರಿಯವನು ತನ್ನ ಕೊಡಲಿಯನ್ನು ಬೆನ್ನ ಹಿಂದೆ ಬಚ್ಚಿಟ್ಟ.

"ಅದನ್ನೂ ಕೊಡು," ಎಂದೆ. ಅವನು ಬೇಲಿ ದಾಟಿ ನಿಂತ. ಹಿರಿಯವನು ಕೊಡಲಿಗೆ ನೀರು ಸುರಿದು, ಟವೆಲಿನಲ್ಲಿ ಎತ್ತಿಕೊಂಡ. "ತಿಥಿ ಆಗೋಗಂಟ ಈ ಕಡೆ ಬರಲ್ಲ ಗೌಡ್ರೆ."

ಅವರು ಹೋದ ಮೇಲೆ ಮರಿಯಪ್ಪ ಮಾವ ನಕ್ಕರು. "ನಂಗೂ ಅದೇ ಸೂತಕ ಕಣವ್ವ. ಅಟ್ಟದ ಮ್ಯಾಲೆ ಗರಗಸ ಐತಲ್ಲ, ಉಂಡ್ಕಂಡು ಬಂದು ನಾನೇ ಕುಯ್ತೀನಿ. ಅದನ್ನ ಎಷ್ಟ್ ಸಲ ಮುಟ್ತೀಯೋ ಮುಟ್ಟು."

ಸೂತಕದ ಮನೆಗೆ ಊರಲ್ಲಿ ಬೇರೆ ಯಾರೂ ಗರಗಸ ಕೊಡುವುದಿಲ್ಲ. ಇದ್ದದ್ದು ಅದೊಂದೇ, ಅದೂ ನಮ್ಮದಲ್ಲ. ಕರೆಂಟ್ ತಂತಿಯ ಹತ್ತಿರ ಚಾಚಿದ್ದ ಕೊಂಬೆಯಲ್ಲಿ ಕೂರಲು ಹೋಗಿ ಒಂದು ಕೊಕ್ಕರೆ ಸತ್ತಿತ್ತು. ಆ ಕೊಂಬೆಯೊಂದನ್ನೇ ತೆಗೆಯಲು ಜಯಕುಮಾರ್ ಚನ್ನಪಟ್ಟಣದಲ್ಲಿ ಗೊಂಬೆ ಮಾಡುವ ಅಸದುಲ್ಲಾ ಅವರಿಂದ ಕೇಳಿ ತಂದಿದ್ದರು.

ಗರಗಸ ಇಳಿಸಿದೆ. ತಿಥಿಯ ತನಕ ನಾನು ಬೀದಿಗಿಳಿಯಬಾರದು. ಅತ್ತೆ ಬಾಗಿಲಿಗೆ ಅಡ್ಡ ಬಂದರು.

"ಹಂಗೇ ಹೊತ್ಕಂಡೋದ್ರೆ ಬಸ್ಸಲ್ಲಿ ಯಾರಿಗಾದ್ರೂ ಗೀರ್ತದೆ," ಎಂದು ಹಳೇ ಸೀರೆ ಹರಿದು ಹಲ್ಲುಗಳಿಗೆ ಸುತ್ತಿದರು. "ಸೌದೆಗೇನ್ ಮಾಡ್ತೀಯ?"

"ಗ್ಯಾಸಲ್ಲಿ ಮಾಡೋಣ."

"ಗ್ಯಾಸಲ್ಲಿ ತಿಥಿನಾ!"

"ಸಿಲಿಂಡರ್ ನಿಮ್ಮ ಮಗನೇ ತಂದದ್ದಲ್ವ ಅತ್ತೆ."

ಅವರು ಪಕ್ಕಕ್ಕೆ ಸರಿದರು.

ಬಸ್ಸಿನಲ್ಲಿ ನನ್ನ ಬರಿ ಹಣೆ ನೋಡಿ ಪಕ್ಕದಾಕೆ ಎದ್ದು ಹೋದಳು. ಗರಗಸಕ್ಕೆ ಜಾಗವಾಯಿತು.

ಅಸದುಲ್ಲಾ ನನ್ನ ಗಂಡನ ಮಣ್ಣಿಗೆ ಬಂದಿದ್ದವರು. ನನ್ನನ್ನು ಕಂಡು ಯಂತ್ರ ನಿಲ್ಲಿಸಿ ಎದ್ದರು. "ಇದಕ್ಕೇನಮ್ಮ ಅವಸರ? ಇಟ್ಕೊಂಡಿದ್ರೆ ಆಗ್ತಿತ್ತು."

"ಇಟ್ಕೊಂಡ್ರೆ ಮರ ಹೋಗುತ್ತೆ. ಮರಿ ಹಾರೋ ತನಕ ನಮ್ಮ ಮನೆಯವರು ಯಾರು ಬಂದು ಕೇಳಿದರೂ ಕೊಡಬೇಡಿ. ನಾನೇ ಬಂದು ಅತ್ತು ಕೇಳಿದರೂ."

ಅವರು ಹಲ್ಲುಗಳಿಗೆ ಸುತ್ತಿದ್ದ ಸೀರೆ ತುಂಡು ಬಿಚ್ಚಿ ನನ್ನ ಕೈಗೆ ಕೊಟ್ಟು, ಗರಗಸವನ್ನು ಗೋಡೆಯ ಮೊಳೆಗೆ ನೇತುಹಾಕಿದರು.