ತೊಳೆದ ಮರುವಾಯಿ

"ನೀಲಿ ಬೇಡ ಅಂಕಲ್, ನಿಮ್ಮ ಹತ್ರ ಅದು ಉಳಿಯುದಿಲ್ಲ," ಎಂದ ಡೆನ್ವರ್.

ಮಣಿಪಾಲದಲ್ಲಿ ಅವನ ಅಕ್ವೇರಿಯಂ ಅಂಗಡಿ. ಗಾಜಿಗೆ ಮೂಗು ತಾಗಿಸಿ, ಊರವರು ಸುಕ್ಕ ಮಾಡಿ ತಿನ್ನುವ ಮರುವಾಯಿಯ ಜಾತಿಯದೇ ಆದ ನೀಲಿ ಚಿಪ್ಪುಜೀವಿಯನ್ನು ನೋಡುತ್ತಿದ್ದ ಉಮಾನಾಥನಿಗೆ ಮುಖಕ್ಕೆ ಹೊಡೆದಂತಾಯಿತು. ಆದರೆ ಹೇಳಿದ್ದು ಸುಳ್ಳಲ್ಲವಲ್ಲ! ಕಾಪುವಿನ ಮನೆಯ ಹವಳದ ಟ್ಯಾಂಕಿನಲ್ಲಿ ಇದೇ ಅಂಗಡಿಯಿಂದ ಒಯ್ದ ಅಂಥವೇ ಎರಡು, ಒಂದರ ಹಿಂದೆ ಒಂದು ಸತ್ತಿದ್ದವು. ಮೂರನೆಯದೂ ಸತ್ತರೆ ಟ್ಯಾಂಕನ್ನೇ ಮಾರಿಬಿಡುತ್ತೇನೆಂದು ಹೆಂಡತಿ ಗುಣವತಿಗೆ ಮಾತು ಕೊಟ್ಟು ಬಂದಿದ್ದ. ಇಪ್ಪತ್ತಾರು ವರ್ಷ ಮಸ್ಕತ್ತಿನಲ್ಲಿ ದುಡಿದು ಬಂದವನಿಗೆ ಊರು ಇನ್ನೂ ಒಗ್ಗಿರಲಿಲ್ಲ. ದಿನ ಕಳೆಯಲು ಆ ಟ್ಯಾಂಕೊಂದೇ ಆಸರೆ.

"ಈ ಕಂದು ಬಣ್ಣದ್ದು ನೋಡಿ, ಡೆರಾಸಾ ಅಂತ ಇದರ ಜಾತಿ. ಸಾಕ್ಲಿಕ್ಕೆ ಎಲ್ಲಕ್ಕಿಂತ ಸುಲಭ. ಬೆಳಕು ಸ್ವಲ್ಪ ಹೆಚ್ಚುಕಡಿಮೆ ಆದ್ರೂ ತಡೀತದೆ. ಫಾರ್ಮಿನಲ್ಲೇ ಬೆಳೆಸಿದ್ದು, ಕಾಗದಪತ್ರ ಉಂಟು."

ಚಂದ ಕಟ್ಟಿಕೊಂಡು ಏನಾಗಬೇಕು, ಬದುಕಿದರೆ ಸಾಕು ಎಂದುಕೊಂಡ ಉಮಾನಾಥ ಕಂದು ಬಣ್ಣದ್ದನ್ನೇ ಚೀಲದಲ್ಲಿ ಹಾಕಿಸಿಕೊಂಡ.

ಮನೆಗೆ ಬಂದವನು ಚೀಲವನ್ನು ಅಡುಗೆಕಟ್ಟೆಯ ಮೇಲಿಟ್ಟು ಟ್ಯಾಂಕಿನ ನೀರಿನ ಉಪ್ಪು ಅಳೆಯಲು ಹೋದ. ಐದು ನಿಮಿಷವೂ ಆಗಿರಲಿಕ್ಕಿಲ್ಲ, ಒಳಗಿನಿಂದ ಗರಗರ ಸದ್ದು! ಓಡಿ ಬಂದು ನೋಡಿದರೆ ಗುಣವತಿ ಬಾವಿನೀರಿನ ಬೋಗುಣಿಯಲ್ಲಿ ಚಿಪ್ಪನ್ನಿಟ್ಟು ತೆಂಗಿನ ನಾರಿನಿಂದ ತಿಕ್ಕುತ್ತಿದ್ದಾಳೆ.

"ಅಯ್ಯೋ ದೇವರೇ! ಎಂತ ಮಾಡ್ತಾ ಇದ್ದಿ ಮಾರಾಯ್ತಿ? ಅದು ಸುಕ್ಕ ಮಾಡ್ಲಿಕ್ಕೆ ತಂದದ್ದಲ್ಲ!"

"ಅಷ್ಟೂ ಗೊತ್ತಿಲ್ವಾ ನಂಗೆ? ಮನೆಗೆ ಬಂದ ಮರುವಾಯಿಯನ್ನು ತೊಳೀದೆ ಹಾಗೇ ಇಡುದುಂಟಾ? ಅಮ್ಮ ಇದ್ದಿದ್ರೆ ಬೈತಿದ್ರು."

ಸಮುದ್ರದ ಜೀವಕ್ಕೆ ಸಿಹಿನೀರು! ಉಮಾನಾಥ ಅದನ್ನು ಕಸಿದುಕೊಂಡು ಹೋಗಿ ಟ್ಯಾಂಕಿನೊಳಗೆ ಇಳಿಸಿದ. ಚಿಪ್ಪು ಬಿಗಿಯಾಗಿ ಮುಚ್ಚಿಕೊಂಡಿತ್ತು.

"ಕೊಂದೆಯಲ್ಲ, ಇದನ್ನೂ ಕೊಂದೆಯಲ್ಲ!"

ಗುಣವತಿಯ ಮುಖ ಸಣ್ಣದಾಯಿತು. ಒಳಗೆ ಹೋಗಿ ಬೋಗುಣಿಯನ್ನೇ ಎತ್ತಿಕೊಂಡು ಬಂದಳು. "ಬೈಯುದು ಮತ್ತೆ ಬೈಯಿರಿ. ಇದೆಂತ, ಮೊದ್ಲು ನೋಡಿ."

ನೀರಿನಡಿಯಲ್ಲಿ ಅಕ್ಕಿನುಚ್ಚಿನಂಥ ಹತ್ತಾರು ಬಿಳಿ ಹುಳುಗಳು. ಕಣ್ಣಿಟ್ಟು ನೋಡಿದರೆ ಒಂದೊಂದಕ್ಕೂ ಪುಟ್ಟ ಶಂಖ.

"ಚಿಪ್ಪಿನ ಸಂದಿಯಲ್ಲಿ ಕಚ್ಚಿ ಹಿಡ್ಕೊಂಡಿದ್ದವು," ಎಂದಳು.

ಉಮಾನಾಥ ಫೋಟೋ ತೆಗೆದು, ಬಾವಿನೀರಿನಲ್ಲಿ ತೊಳೆದದ್ದನ್ನೂ ಬರೆದು ಕಳಿಸಿದ ಮರುಗಳಿಗೆಯೇ ಡೆನ್ವರನ ಫೋನು. "ಅಂಕಲ್, ನಾನು ನೋಡಿ ಕೊಡ್ಬೇಕಿತ್ತು, ತಪ್ಪು ನಂದೇ. ಇವು ಚಿಪ್ಪಿನ ರಸ ಹೀರುವ ಹುಳು. ಮೊದಲಿನ ಎರಡನ್ನೂ ಇವೇ ಮುಗಿಸಿರ್ಬೇಕು. ಒಂದು ಗಳಿಗೆಯ ಸಿಹಿನೀರಿಗೆ ಡೆರಾಸಾ ಸಾಯುದಿಲ್ಲ, ಹೆದರ್ಬೇಡಿ. ಇನ್ನು ಮುಂದೆ ವಾರಕ್ಕೊಮ್ಮೆ ತಿಕ್ಕಿ, ಆದ್ರೆ ಟ್ಯಾಂಕಿನ ನೀರಲ್ಲೇ. ಯಾರು ತೊಳೆದದ್ದು? ಅವರಿಗೆ ನನ್ನದೊಂದು ನಮಸ್ಕಾರ ಹೇಳಿ."

ಸಂಜೆಯವರೆಗೂ ಉಮಾನಾಥ ಟ್ಯಾಂಕಿನ ಎದುರಿನಿಂದ ಏಳಲಿಲ್ಲ. ಚಾ ತಂದಿಟ್ಟು ಗುಣವತಿ ತಿರುಗುವಷ್ಟರಲ್ಲಿ ಚಿಪ್ಪು ಬಿರಿದು, ಒಳಗಿನ ಕಂದು ಅಂಚು ನಿಧಾನವಾಗಿ ಹೊರಗೆ ಹರಡಿತು. ಅವನ ಕಣ್ಣು ತುಂಬಿ ಬಂತು. ಮದುವೆಯಾಗಿ ಮೂವತ್ತು ವರ್ಷ, ಇವಳಿಗೆ ಒಮ್ಮೆಯೂ 'ಉಪಕಾರವಾಯಿತು' ಎಂದ ನೆನಪಿರಲಿಲ್ಲ.

"ಡೆನ್ವರ್ ನಿಂಗೆ ನಮಸ್ಕಾರ ಹೇಳಿದ," ಎಂದ.

"ಅವ ಹೇಳಿದ್ದು ಸರಿ. ನೀವು?"

ಉಮಾನಾಥ ಎದ್ದು ಊಟದ ಮೇಜಿನ ಬಳಿಯಿಂದ ಒಂದು ಕುರ್ಚಿ ತಂದ. ಹೆಗಲ ಮೇಲಿನ ಬೈರಾಸಿನಿಂದ ಅದನ್ನು ಒರೆಸಿ, ತನ್ನ ಕುರ್ಚಿಯ ಪಕ್ಕದಲ್ಲೇ, ಟ್ಯಾಂಕಿಗೆ ಮುಖಮಾಡಿ ಇಟ್ಟ. ಗುಣವತಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಕೂತಳು.